ಅತಿಥಿಯೂ ಒಡೆಯನೂ

ಅತಿಥಿಯನ್ನು ದೇವರಂತೆ ಕಾಣತಕ್ಕದ್ದೆಂಬ ಮಾತನ್ನು ನಾವೆಲ್ಲರೂ ಎಳವೆಯಿಂದ ಕೇಳುತ್ತ ಬಂದಿದ್ದೇವೆ. ನಾನು ಮೂವತ್ತು ವರ್ಷಗಳಿಗೂ ಮಿಕ್ಕು ಮಕ್ಕಳಿಗೆ ಅದನ್ನು ಪಾಠ ಹೇಳಿದವನು. ಆದರೆ ಆ ಮಾತಿನ ಇನ್ನೊಂದು ಮಗ್ಗುಲನ್ನು ಯಾವ ಹುಡುಗನೂ ಕೇಳಲಿಲ್ಲ, ನಾನಾಗಿಯೂ ಹೇಳಲಿಲ್ಲ. ಆತಿಥೇಯನಿಗೆ ಇಷ್ಟೆಲ್ಲ ಧರ್ಮಗಳನ್ನು ವಿಧಿಸಿದ ಹಿರಿಯರು ಅತಿಥಿಗೆ ಏನನ್ನೂ ವಿಧಿಸಲಿಲ್ಲವೆ? ಬಂದವನು ಎಷ್ಟು ದಿನ ಇರಬಹುದು? ತಾನು ಮಲಗಿದ ಕೋಣೆಗೆ ಬೆಲೆ ಕಟ್ಟಿ ಕೊಂಡುಕೊಂಡರೆ, ಆಮೇಲೂ ಅವನು ಅತಿಥಿಯೆ? ಮನೆಯವನು ಆಗಲೂ ಮನೆಯವನೆ? ಸ್ಮೃತಿಕಾರರು ಈ ವಿಷಯದಲ್ಲಿ ನಮಗಿಂತ ಎಚ್ಚರವುಳ್ಳವರಾಗಿದ್ದರು. ಒಂದು ರಾತ್ರಿ ತಂಗುವವನೇ ಅತಿಥಿ, ಅವನ ಇರವು ನಿತ್ಯವಲ್ಲದ ಕಾರಣದಿಂದಲೇ ಅವನಿಗೆ ಆ ಹೆಸರು ಎಂದು ಮನುವು ಲಕ್ಷಣ ಹೇಳಿದ್ದಾನೆ. ಹೊತ್ತು ಬಂದಾಗ ಎದ್ದು ಹೋಗುವುದೇ ಅತಿಥಿಯ ಮೊದಲನೆಯ ಗುಣವೆಂದಂತಾಯಿತು.

ಇಂಥ ಸಂಶಯವನ್ನು ಬರಿಯ ಶಬ್ದಗಳಿಂದ ಚರ್ಚಿಸಹೊರಟರೆ ಗಾಳಿಯನ್ನು ಗುದ್ದಿ ಮೈ ನೋಯಿಸಿಕೊಂಡಂತೆ ಆದೀತು. ಆದುದರಿಂದ ಒಂದು ಊರಿನ ನಿದರ್ಶನವನ್ನು ಮುಂದಿಟ್ಟುಕೊಳ್ಳುತ್ತೇನೆ. ಜಪಾನ್ ದೇಶದ ಉತ್ತರದಲ್ಲಿ ಹೊಕ್ಕೈಡೊ ಎಂಬ ದೊಡ್ಡ ದ್ವೀಪವಿದೆ. ಅದರ ನೈಋತ್ಯಭಾಗದಲ್ಲಿ ನಿಸೆಕೊ ಎಂಬ ಬೆಟ್ಟಸಾಲು. ಆ ಸಾಲಿನ ಹಿರಿಯ ಶಿಖರವಾದ ಅನ್ನುಪುರಿಯ ಎತ್ತರ 1,308 ಮೀಟರ್. ಎದುರಿಗೆ 1,898 ಮೀಟರ್ ಎತ್ತರದ ಯೋತೆಯಿ ಪರ್ವತವು ಒಂಟಿಯಾಗಿ ನಿಂತಿದೆ. ಆಕಾರದಲ್ಲಿ ಫುಜಿಯನ್ನು ಹೋಲುವುದರಿಂದ ಅದನ್ನು ಉತ್ತರದ ಫುಜಿಯೆಂದು ಕರೆಯುವುದುಂಟು. ಬುಡದಲ್ಲಿ ಕುಚ್ಚಾನ್ ಮತ್ತು ನಿಸೆಕೊ ಎಂಬ ಎರಡು ಸಣ್ಣ ಪಟ್ಟಣಗಳು. ಮೊದಲನೆಯದರಲ್ಲಿ ಸುಮಾರು 15,000, ಎರಡನೆಯದರಲ್ಲಿ ಸುಮಾರು 5,000 ಜನ ವಾಸವಾಗಿದ್ದಾರೆ. ಆಲೂಗಡ್ಡೆ ಇಲ್ಲಿಯ ಹೆಸರುವಾಸಿಯಾದ ಬೆಳೆ. ಇಂಥ ಕೃಷಿಕರ ಊರು ಅರವತ್ತು ವರ್ಷಗಳೊಳಗೆ ಭೂಮಂಡಲದ ನಾನಾ ಕಡೆಯಿಂದ ಧನಿಕರು ಬಂದಿಳಿಯುವ ಕ್ಷೇತ್ರವಾಯಿತು. ಅವರನ್ನು ಕರೆತಂದದ್ದು ದೇವಾಲಯವಲ್ಲ, ಗಣಿಯಲ್ಲ, ಬರಿಯ ಹಿಮ.

ನಾನು ಹಿಮ ಬೀಳುವುದನ್ನು ಕಣ್ಣಾರೆ ಕಂಡವನಲ್ಲ. ಆದರೂ ಅದು ಅಲ್ಲಿ ಅಷ್ಟೊಂದು ಬೀಳುವ ಬಗೆಯನ್ನು ಓದಿ ತಿಳಿದಾಗ ಆಶ್ಚರ್ಯಪಟ್ಟಿದ್ದೇನೆ. ಚಳಿಗಾಲದಲ್ಲಿ ಸೈಬೀರಿಯಾದಿಂದ ಹೊರಟ ಒಣಗಾಳಿಯು ಜಪಾನ್ ಸಮುದ್ರವನ್ನು ದಾಟುತ್ತದೆ. ಆ ಸಮುದ್ರದಲ್ಲಿ ದಕ್ಷಿಣದಿಂದ ಬೆಚ್ಚನೆಯ ಪ್ರವಾಹವೊಂದು ಹರಿದುಬರುತ್ತಿರುವುದರಿಂದ ಗಾಳಿಯು ಅದರ ಮೇಲೆ ಸಾಗುವಾಗ ನೀರಾವಿಯನ್ನು ಹೀರಿಕೊಂಡು, ಮುಂದೆ ದ್ವೀಪದ ಬೆಟ್ಟಗಳಿಗೆ ತಾಗಿ ಮೇಲೇರಿ, ಹೊತ್ತು ತಂದುದನ್ನೆಲ್ಲ ಹಿಮವಾಗಿ ಸುರಿಯುತ್ತದೆ. ಒಂದು ಚಳಿಗಾಲದಲ್ಲಿ ಬೆಟ್ಟದ ಮೇಲೆ ಬೀಳುವುದನ್ನೆಲ್ಲ ಕೂಡಿದರೆ ಸುಮಾರು 15 ಮೀಟರ್ ಆಗುವುದೆಂದು ಹೇಳುತ್ತಾರೆ. ಚಳಿ ಬಲವಾಗಿರುವುದರಿಂದ ಆ ಹಿಮವು ಒದ್ದೆಯಾಗಿ ಮುದ್ದೆಗಟ್ಟದೆ ಹಿಟ್ಟಿನಂತೆ ಹಗುರವಾಗಿರುತ್ತದೆ. ಅಲ್ಲಿಯ ರೈತನಿಗೆ ಹಿಂದೆ ಇದು ಆರು ತಿಂಗಳ ಪೀಡೆಯಾಗಿತ್ತು. ಹೊಕ್ಕೈಡೊವಿನ ವಿಶ್ವವಿದ್ಯಾಲಯದಲ್ಲಿ 1936ರಲ್ಲಿ ಮೊದಲ ಬಾರಿಗೆ ಹಿಮದ ಹರಳನ್ನು ಕೃತಕವಾಗಿ ಬೆಳೆಸಿದ ನಕಾಯಾ ಉಕಿಚಿರೊ ಎಂಬ ಪಂಡಿತರಿಗೆ ಅದು ವಿದ್ಯೆಯ ವಿಷಯವಾಗಿತ್ತು. ಎರಡನೆಯ ಮಹಾಯುದ್ಧದ ಕಾಲದಲ್ಲಿ ವಿಮಾನದ ರೆಕ್ಕೆಗೆ ಮಂಜುಗಡ್ಡೆ ಕಟ್ಟುವುದೇಕೆಂದು ಅನ್ನುಪುರಿಯ ನೆತ್ತಿಯ ಮೇಲೆ ಪರೀಕ್ಷೆಗಳು ನಡೆದಾಗ ಅದು ಸೈನ್ಯಕ್ಕೆ ಶತ್ರುವಾಗಿತ್ತು. ವಸ್ತು ಒಂದೇ, ಅದನ್ನು ಕಾಣುವ ಕಣ್ಣುಗಳು ಮಾತ್ರ ಬೇರೆ. ಬೆಲೆಯೆಂಬುದು ವಸ್ತುವಿನಲ್ಲಿರುವುದಿಲ್ಲ, ನೋಡುವವನಲ್ಲಿರುತ್ತದೆ ಎಂಬುದಕ್ಕೆ ಬೇರೆ ದೃಷ್ಟಾಂತ ಬೇಡ.

ಎರಡು ಉದ್ದನೆಯ ಹಲಗೆಗಳನ್ನು ಪಾದಗಳಿಗೆ ಬಿಗಿದುಕೊಂಡು ಹಿಮದ ಇಳಿಜಾರಿನಲ್ಲಿ ಜಾರಿಬರುವ ಸ್ಕೀ ವಿದ್ಯೆಯು ಜಪಾನಿಗೆ ಹೊರಗಿನಿಂದ ಬಂದುದು. ಆಸ್ಟ್ರಿಯಾ-ಹಂಗೆರಿಯ ಸೇನಾಧಿಕಾರಿ ಥಿಯೊಡೋರ್ ಫಾನ್ ಲೆರ್ಖ್ ಎಂಬವನು 1911ರಲ್ಲಿ ತಕಾದಾ ಎಂಬ ಊರಿನ ದಂಡಿಗೆ ಅದನ್ನು ಕಲಿಸಿದನು. 1912ರಲ್ಲಿ ಅವನು ಹೊಕ್ಕೈಡೊವಿಗೆ ಹೋಗಿ ಯೋತೆಯಿ ಪರ್ವತವನ್ನೂ ಏರಿದನು. ಚಕ್ರವರ್ತಿಯ ತಮ್ಮನಾದ ಚಿಚಿಬು ರಾಜಕುಮಾರನು 1928ರಲ್ಲಿ ನಿಸೆಕೊವಿಗೆ ಬಂದು ಸ್ಕೀಯಾಡಿದ ಮೇಲೆ ಆ ಬೆಟ್ಟದ ಹೆಸರು ದೇಶದೊಳಗೆ ಹರಡಿತು. 1961ರಲ್ಲಿ ಹಿರಾಫು ಎಂಬ ಹಳ್ಳಿಯ ಮೇಲಣ ಇಳಿಜಾರಿನಲ್ಲಿ ಮೊದಲನೆಯ ಲಿಫ್ಟು, ಎಂದರೆ ಕಂಬಿಯ ಮೇಲೆ ಚಲಿಸುವ ಕುರ್ಚಿಗಳ ಸಾಲು, ಕೆಲಸಮಾಡತೊಡಗಿತು. 1964ರಲ್ಲಿ ಕುಚ್ಚಾನ್ ಪಟ್ಟಣವು ಸ್ವಿಟ್ಜರ್ಲೆಂಡಿನ ಸೇಂಟ್ ಮಾರಿಟ್ಸ್ ಪಟ್ಟಣದೊಡನೆ ಸೋದರಸಂಬಂಧ ಬೆಳೆಸಿತು. ಅದೇ ವರ್ಷ ನೆರೆಯ ಕರಿಬುತೊ ಎಂಬ ಪಟ್ಟಣವು ತನ್ನ ಹಳೆಯ ಹೆಸರನ್ನು ಬಿಟ್ಟು, ಬೆಟ್ಟದ ಹೆಸರಾದ ನಿಸೆಕೊ ಎಂಬುದನ್ನೇ ಇಟ್ಟುಕೊಂಡಿತು. 1972ರಲ್ಲಿ ಸಪ್ಪೊರೊ ನಗರದಲ್ಲಿ ನಡೆದ ಚಳಿಗಾಲದ ಒಲಿಂಪಿಕ್ ಕ್ರೀಡೆಗಳಿಂದ ಇಡೀ ದ್ವೀಪಕ್ಕೆ ಕೀರ್ತಿ ಬಂದಿತು.

ಆಮೇಲಿನ ಇಪ್ಪತ್ತು ವರ್ಷ ಜಪಾನಿಯರೇ ಅಲ್ಲಿಯ ಅತಿಥಿಗಳು. ಊರಿನವರು ತಮ್ಮ ಮನೆಗಳಲ್ಲಿಯೇ ಒಂದೆರಡು ಕೋಣೆಗಳನ್ನು ತೆರವು ಮಾಡಿ, ಅಡಿಗೆ ಮಾಡಿ ಬಡಿಸಿ, ಬಂದವರನ್ನು ಇಳಿಸಿಕೊಳ್ಳುತ್ತಿದ್ದರು. ದೇಶದಲ್ಲಿ ಹಣ ಹೊಳೆಯಾಗಿ ಹರಿಯುತ್ತಿದ್ದ ಕಾಲವದು. ವಿಹಾರಸ್ಥಾನಗಳನ್ನು ಬೆಳೆಸುವುದಕ್ಕಾಗಿ 1987ರಲ್ಲಿ ಸರ್ಕಾರವು ಕಾಯಿದೆಯನ್ನೇ ಮಾಡಿತು. 1993ರ ಹೊತ್ತಿಗೆ ಆ ದೇಶದಲ್ಲಿ ಸ್ಕೀಯಾಡುವವರ ಸಂಖ್ಯೆ 1 ಕೋಟಿ 80 ಲಕ್ಷವನ್ನು ಮುಟ್ಟಿತ್ತು. ಆದರೆ ಅಷ್ಟರಲ್ಲಿಯೇ ಐಶ್ವರ್ಯದ ಗುಳ್ಳೆ ಒಡೆದಿತ್ತು. ಯುವಕರ ಸಂಖ್ಯೆ ಇಳಿಯಿತು, ಕೈಯಲ್ಲಿ ಹಣವೂ ಕಡಮೆಯಾಯಿತು. ಮುಂದಿನ ಇಪ್ಪತ್ತು ವರ್ಷಗಳಲ್ಲಿ ಆಡುವವರು ಅರ್ಧಕ್ಕಿಂತ ಕಡಮೆಯಾದರು. ದೇಶದಾದ್ಯಂತ ಎಷ್ಟೋ ಇಳಿಜಾರುಗಳಲ್ಲಿ ಲಿಫ್ಟುಗಳು ನಿಂತು ತುಕ್ಕು ಹಿಡಿದುವು, ಅವುಗಳ ಬುಡದ ವಸತಿಗೃಹಗಳ ಬಾಗಿಲು ಮುಚ್ಚಿತು. ನಿಸೆಕೊವಿಗೂ ಅದೇ ಗತಿ ಬರುವುದರಲ್ಲಿದ್ದಿತು.

ಬರಲಿಲ್ಲ. ಆ ವೇಳೆಗೆ ದೂರದ ಅತಿಥಿಗಳು ಬಂದರು. ರಾಸ್ ಫಿಂಡ್ಲೆ ಎಂಬ ಆಸ್ಟ್ರೇಲಿಯದವರು ಅಲ್ಲಿ ನೆಲೆಸಿ, 1995ರಲ್ಲಿ ಶಿರಿಬೆತ್ಸು ನದಿಯಲ್ಲಿ ತೆಪ್ಪದ ವಿಹಾರವನ್ನು ಏರ್ಪಡಿಸಿ, ಹಿಮವಿಲ್ಲದ ಬೇಸಗೆಯಲ್ಲಿಯೂ ಜನ ಬರುವಂತೆ ಮಾಡಿದರು. ಆಸ್ಟ್ರೇಲಿಯದಲ್ಲಿ ಬೇಸಗೆಯ ರಜೆ ಬರುವ ತಿಂಗಳುಗಳಲ್ಲಿಯೇ ಹೊಕ್ಕೈಡೊವಿನಲ್ಲಿ ಹಿಮ ತುಂಬಿರುತ್ತದೆ. ಎರಡು ದೇಶಗಳ ಗಡಿಯಾರಗಳಿಗೂ ಹೆಚ್ಚು ಅಂತರವಿಲ್ಲ. ಒಬ್ಬರಿಂದ ಒಬ್ಬರು ಕೇಳಿ ಸಾವಿರಾರು ಜನ ಬಂದರು. ಬಂದವರಲ್ಲಿ ಕೆಲವರು ಭೂಮಿ ಕೊಂಡರು. 2004ರಲ್ಲಿ ಆಸ್ಟ್ರೇಲಿಯದ ಸಂಸ್ಥೆಯೊಂದು ಹನಜೊನೊ ಎಂಬ ಇಳಿಜಾರನ್ನೇ ಕೊಂಡುಕೊಂಡಿತು. 2007ರಲ್ಲಿ ಅದು ಹಾಂಗ್‌ಕಾಂಗಿನ ಸಂಸ್ಥೆಯ ಕೈಸೇರಿತು. ಪಕ್ಕದ ಹಿಗಾಶಿಯಾಮಾ ಇಳಿಜಾರು ಅದೇ ವರ್ಷ ಜಪಾನಿ ಒಡೆಯರಿಂದ ಅಮೆರಿಕದ ಬ್ಯಾಂಕಿಗೂ, 2010ರಲ್ಲಿ ಮಲೇಷಿಯಾದ ವೈ.ಟಿ.ಎಲ್. ಸಂಸ್ಥೆಗೂ ಹೋಯಿತು. 2019ರ ಸರ್ಕಾರಿ ಲೆಕ್ಕದಂತೆ ಜಪಾನಿನಲ್ಲೆಲ್ಲ ವಾಣಿಜ್ಯ ಭೂಮಿಯ ಬೆಲೆ ಅತಿ ಹೆಚ್ಚಾಗಿ ಏರಿದ್ದು ಟೋಕಿಯೋವಿನಲ್ಲಲ್ಲ, ಈ ಕುಚ್ಚಾನಿನಲ್ಲಿ. ಒಂದೇ ವರ್ಷದಲ್ಲಿ ನೂರಕ್ಕೆ 58.8ರಂತೆ ಏರಿತ್ತು. ಆ ವರ್ಷದ ಅಕ್ಟೋಬರಿನಲ್ಲಿ ಜಿ-20 ರಾಷ್ಟ್ರಗಳ ಪ್ರವಾಸೋದ್ಯಮ ಮಂತ್ರಿಗಳ ಸಭೆಯೂ ಅಲ್ಲಿಯೇ ಕೂಡಿತು. 2020ರಲ್ಲಿ ಜಗತ್ತಿನ ದುಬಾರಿ ಹೋಟೆಲುಗಳ ಪೈಕಿ ಎರಡು ಅಲ್ಲಿ ಬಾಗಿಲು ತೆರೆದುವು.

ಇಷ್ಟು ವಿಷಯ. ಇನ್ನು ಸಂಶಯ: ಹೀಗಾದುದು ಆ ಊರಿಗೆ ಒಳ್ಳೆಯದಾಯಿತೋ, ಕೆಟ್ಟದಾಯಿತೋ? ಅತಿಥಿಯು ಒಡೆಯನಾಗುವುದು ಧರ್ಮವೋ, ಅಧರ್ಮವೋ?

ಪೂರ್ವಪಕ್ಷವನ್ನು ಮೊದಲು ನ್ಯಾಯವಾಗಿ ಹೇಳತಕ್ಕದ್ದು. ಇಲ್ಲಿ ಯಾರೂ ಯಾರಿಂದಲೂ ಕಿತ್ತುಕೊಳ್ಳಲಿಲ್ಲ. ಮಾರಿದವನು ಮನಸ್ಸಿಟ್ಟು ಮಾರಿದನು, ಕೊಂಡವನು ಹಣವೆಣಿಸಿ ಕೊಂಡನು. ಮಕ್ಕಳು ಪಟ್ಟಣಕ್ಕೆ ಹೋಗಿ, ಸಾಲ ತೀರದೆ, ಖಾಲಿ ಕೋಣೆಗಳ ನಡುವೆ ಕುಳಿತಿದ್ದ ವೃದ್ಧನೊಬ್ಬನ ಮುಂದೆ ಪರದೇಶಿಯೊಬ್ಬನು ಬಂದು, ಅವನು ಕನಸಿನಲ್ಲಿಯೂ ಎಣಿಸದ ಬೆಲೆಯನ್ನು ಕೊಟ್ಟರೆ, ಬೇಡವೆನ್ನಬೇಕೆಂದು ಹೇಳಲು ನಾವಾರು? ಅತಿಥಿಗಳು ಬಾರದ ಊರುಗಳ ಗತಿಯನ್ನು ನೋಡಿ. ಅಲ್ಲಿ ಸಂಪ್ರದಾಯವೂ ಉಳಿಯಲಿಲ್ಲ, ಅದನ್ನು ಉಳಿಸತಕ್ಕ ಜನರೂ ಉಳಿಯಲಿಲ್ಲ. ಮತ್ತೊಂದು ಮಾತು: ಆ ಹಿಮದ ಗುಣವನ್ನು ಮೊದಲು ಕಂಡುಕೊಂಡವರೇ ಹೊರಗಿನವರು. ಊರಿನವರು ಗುದ್ದಲಿಯಿಂದ ಎತ್ತಿ ಎಸೆಯುತ್ತಿದ್ದುದನ್ನು ಅವರು ನಿಧಿಯೆಂದರು. ರತ್ನವನ್ನು ಗುರುತಿಸಿದವನಿಗೆ ರತ್ನದಲ್ಲಿ ಪಾಲಿಲ್ಲವೆ?

ಪೂರ್ವಪಕ್ಷದ ಬಲವಾದ ಬಾಣ ಇನ್ನೂ ಒಂದಿದೆ. ಇಂದು ಅತಿಥಿಗಳು ಒಡೆಯರಾದರೆಂದು ಮರುಗುವ ಈ ಊರಿನವರು ತಾವೇ ಒಂದು ಕಾಲದಲ್ಲಿ ಹಾಗೆ ಒಡೆಯರಾದ ಅತಿಥಿಗಳು. ಆ ದ್ವೀಪದ ಆದಿನಿವಾಸಿಗಳು ಐನು ಜನ. ನಿಸೆಕೊ, ಅನ್ನುಪುರಿ, ಶಿರಿಬೆತ್ಸು ಎಂಬ ಹೆಸರುಗಳೆಲ್ಲ ಅವರ ಭಾಷೆಯಿಂದ ಬಂದುವು. ನಿಸೆಕೊ ಎಂಬುದಕ್ಕೆ ಕಡಿದಾದ ಬಂಡೆಯ ಬುಡದಲ್ಲಿ ಬಳಸಿ ಹರಿಯುವ ಹೊಳೆಯೆಂದು ಅರ್ಥ. 1869ರಲ್ಲಿ ಜಪಾನ್ ಸರ್ಕಾರವು ಆ ದ್ವೀಪಕ್ಕೆ ಹೊಕ್ಕೈಡೊ ಎಂದು ಹೆಸರಿಟ್ಟು, ಅಲ್ಲಿಯ ನೆಲವನ್ನು ಒಡೆಯರಿಲ್ಲದ ನೆಲದಂತೆ ಬಗೆದು ವಲಸೆಗಾರರಿಗೆ ಹಂಚಿತು. ಬೇಟೆ, ಮೀನುಗಾರಿಕೆಗಳಿಂದ ಬದುಕುತ್ತಿದ್ದವರನ್ನು 1899ರ ಕಾಯಿದೆಯು ನೇಗಿಲಿಗೆ ಕಟ್ಟಿತು. ಐನು ಜನರು ಆದಿನಿವಾಸಿಗಳೆಂದು ಕಾಯಿದೆಯ ಮಾತಿನಲ್ಲಿ ಒಪ್ಪಿಕೊಂಡದ್ದು 2019ರಲ್ಲಿ, ಎಂದರೆ ಕುಚ್ಚಾನಿನ ಭೂಮಿಯ ಬೆಲೆ ಆಕಾಶಕ್ಕೇರಿದ ಅದೇ ವರ್ಷದಲ್ಲಿ. ಹೊಸ ಒಡೆಯರಾದರೋ ಬೆಲೆಯನ್ನಾದರೂ ಕೊಟ್ಟರು, ಹಳೆಯ ಒಡೆಯರು ಅದನ್ನೂ ಕೊಡಲಿಲ್ಲ. ಹೀಗಿರುವಾಗ ಯಾರು ಯಾರನ್ನು ಅತಿಥಿಯೆನ್ನಬೇಕು?

ಈ ಮಾತಿಗೆ ಸುಲಭವಾದ ಉತ್ತರವಿಲ್ಲ. ಆದರೆ ಇದು ಪೂರ್ವಪಕ್ಷವನ್ನು ಸಾಧಿಸುವುದಕ್ಕಿಂತ ಹೆಚ್ಚಾಗಿ ನಮ್ಮ ಸಂಶಯವನ್ನು ಆಳಗೊಳಿಸುತ್ತದೆ. ಮೊದಲು ನಡೆದ ಅನ್ಯಾಯವು ಎರಡನೆಯದಕ್ಕೆ ಪ್ರಮಾಣವಾಗಲಾರದು. ಅದು ತೋರಿಸುವುದು ಇಷ್ಟೇ: ಒಡೆತನವೊಂದರಿಂದಲೇ ಆತಿಥೇಯನೆಂಬ ಪದವಿ ಬರುವುದಿಲ್ಲ. ಹಾಗಾದರೆ ಯಾವುದರಿಂದ ಬರುತ್ತದೆ?

ಉತ್ತರಪಕ್ಷವನ್ನು ನಾನು ಊರಿನ ಅತ್ಯಂತ ದುರ್ಬಲನಾದ ಮನುಷ್ಯನಿಂದ ಆರಂಭಿಸುತ್ತೇನೆ. ಅರವತ್ತು ದಾಟಿದವನಾದ್ದರಿಂದ ಈ ಒಂದು ಸಂಗತಿಯೇ ನನ್ನ ಮನಸ್ಸಿಗೆ ಹೆಚ್ಚಾಗಿ ತಾಗಿತು. ಜಪಾನಿನಲ್ಲಿ 2000ದಿಂದ ಮುಪ್ಪಿನ ಶುಶ್ರೂಷೆಗೆ ವಿಮೆಯ ಏರ್ಪಾಡಿದೆ. ಆ ಕೆಲಸಕ್ಕೆ ಸಲ್ಲತಕ್ಕ ಹಣವನ್ನು ಸರ್ಕಾರವು ದೇಶಕ್ಕೆಲ್ಲ ಗೊತ್ತುಮಾಡುತ್ತದೆ. ವೃದ್ಧರನ್ನು ನೋಡಿಕೊಳ್ಳುವ ಸಂಸ್ಥೆಯು ತನ್ನ ಇಷ್ಟದಂತೆ ಬೆಲೆಯನ್ನು ಏರಿಸಲಾರದು, ಆದುದರಿಂದ ಸಂಬಳವನ್ನೂ ಏರಿಸಲಾರದು. ಹೋಟೆಲಿಗೆ ಈ ಕಟ್ಟಿಲ್ಲ. ಹೀಗಾಗಿ ನಿಸೆಕೊ ಪ್ರಾಂತದಲ್ಲಿ ಚಳಿಗಾಲದ ಅತಿಥಿಯ ಕೋಣೆಯನ್ನು ಗುಡಿಸುವವರಿಗೆ ಸಿಕ್ಕುವ ಕೂಲಿಯು, ಊರಿನ ಮುದುಕಿಯೊಬ್ಬಳನ್ನು ಹಾಸಿಗೆಯಿಂದ ಎಬ್ಬಿಸಿ ಕೂರಿಸಿ ಉಣ್ಣಿಸುವವರಿಗೆ ಸಿಕ್ಕುವುದಕ್ಕಿಂತ ಹೆಚ್ಚಾಯಿತು. ಕೆಲಸಗಾರರು ಎಲ್ಲಿಗೆ ಹೋದರೆಂದು ಹೇಳಬೇಕಾದುದಿಲ್ಲ. ಅವರನ್ನು ದೂಷಿಸುವಂತೆಯೂ ಇಲ್ಲ, ಅವರಿಗೂ ಮಕ್ಕಳುಮರಿಗಳಿವೆ. ಮನೆಯ ಬಾಡಿಗೆಯೂ ಅತಿಥಿಗಳ ಹಣದ ಅಳತೆಗೇ ಏರಿದೆ, ಊಟದ ಬೆಲೆಯೂ ಹಾಗೆಯೇ. 2022ರಿಂದೀಚೆಗೆ ಯೆನ್ ನಾಣ್ಯದ ಬೆಲೆ ಇಳಿದುದರಿಂದ ಪರದೇಶಿಗೆ ಅಗ್ಗವಾದುದು ಊರಿನವನಿಗೆ ತುಟ್ಟಿಯಾಯಿತು.

ಇಲ್ಲಿಯ ವೈಚಿತ್ರ್ಯವನ್ನು ನೋಡಬೇಕು. ಮಾರಿದವನು ತಪ್ಪು ಮಾಡಲಿಲ್ಲ, ಕೊಂಡವನು ತಪ್ಪು ಮಾಡಲಿಲ್ಲ, ಹೋಟೆಲು ಕಟ್ಟಿದವನಾಗಲಿ ಅದರಲ್ಲಿ ದುಡಿಯಹೋದವಳಾಗಲಿ ತಪ್ಪು ಮಾಡಲಿಲ್ಲ. ಒಬ್ಬೊಬ್ಬರ ಕರ್ಮವೂ ಬಿಡಿಬಿಡಿಯಾಗಿ ನಿರ್ದೋಷ. ಆದರೆ ಎಲ್ಲವೂ ಕೂಡಿ ಆದ ಫಲವು ಯಾರೂ ಬಯಸದೆ ಇದ್ದುದು. ನಮ್ಮ ಪಾಪಪುಣ್ಯಗಳ ಲೆಕ್ಕವೆಲ್ಲ ಒಬ್ಬ ಕರ್ತೃವನ್ನು ಹಿಡಿದು ನಡೆಯುವಂಥದು. ಕರ್ತೃವೇ ಇಲ್ಲದ ಇಂಥ ಹಾನಿಯನ್ನು ಯಾರ ಖಾತೆಗೆ ಬರೆಯೋಣ? ನನ್ನ ಮಟ್ಟಿಗೆ, ಈ ಕಾಲದ ಧರ್ಮಜಿಜ್ಞಾಸೆಯಲ್ಲಿ ಇದೇ ಕಠಿನವಾದ ಗಂಟು.

ಈ ಗಂಟನ್ನು ಬಿಡಿಸಲು ಅದೇ ಊರಿನಲ್ಲಿ ನೂರು ವರ್ಷದ ಹಿಂದೆ ಒಬ್ಬ ಮಹನೀಯನು ಯತ್ನಿಸಿದ್ದನು. ಅರಿಶಿಮಾ ತಾಕೆಯೊ ಎಂಬ ಹೆಸರಾಂತ ಕಾದಂಬರಿಕಾರನಿಗೆ ಕರಿಬುತೊವಿನಲ್ಲಿ, ಎಂದರೆ ಇಂದಿನ ನಿಸೆಕೊ ಪಟ್ಟಣದ ಎಲ್ಲೆಯೊಳಗೆ, ತಂದೆಯಿಂದ ಬಂದ ದೊಡ್ಡ ಹಿಡುವಳಿಯಿದ್ದಿತು. ಗೇಣಿದಾರರು ಹಿಮದೊಡನೆ ಹೋರಾಡಿ ಬೆಳೆದುದರಲ್ಲಿ ತಾನು ಪಾಲು ತಿನ್ನುತ್ತಿರುವುದು ಅವನ ಮನಸ್ಸನ್ನು ಕೊರೆಯಿತು. 1922ರಲ್ಲಿ ಅವನು ಗೇಣಿದಾರರನ್ನು ಕೂಡಿಸಿ, ಭೂಮಿಯನ್ನೆಲ್ಲ ಬೆಲೆಯಿಲ್ಲದೆ ಅವರಿಗೆ ಬಿಟ್ಟುಕೊಟ್ಟನು. ಆದರೆ ಒಬ್ಬೊಬ್ಬರಿಗೆ ತುಂಡುತುಂಡಾಗಿ ಹಂಚಲಿಲ್ಲ. ಗಾಳಿ, ನೀರು, ಮಣ್ಣು ಇವು ಎಲ್ಲರೂ ಕೂಡಿ ಬಳಸತಕ್ಕವಾಗಿದ್ದು ಒಬ್ಬನ ಸ್ವತ್ತಾಗಕೂಡದೆಂಬುದು ಅವನ ಅಭಿಪ್ರಾಯವಾದ್ದರಿಂದ, ಎಲ್ಲರೂ ಸೇರಿ ಒಟ್ಟಾಗಿ ಇಟ್ಟುಕೊಳ್ಳಬೇಕೆಂದನು. ಮರುವರ್ಷವೇ ಅವನು ತೀರಿಹೋದನು. ಗೇಣಿದಾರರು ಅವನ ಮಾತನ್ನು ನಡಸಿ, ಕೂಡುಹಿಡುವಳಿಯ ಸಂಘವನ್ನು ಕಟ್ಟಿಕೊಂಡರು. ಎರಡನೆಯ ಮಹಾಯುದ್ಧದ ತರುವಾಯ ಉಳುವವನಿಗೇ ಭೂಮಿಯೆಂಬ ಸುಧಾರಣೆ ಬಂದಾಗ, 1949ರಲ್ಲಿ ಆ ಸಂಘವು ಮುಗಿದು ಭೂಮಿಯು ಬಿಡಿಬಿಡಿ ಒಡೆಯರಿಗೆ ಹಂಚಿಹೋಯಿತು. ಸುಧಾರಣೆಯ ಉದ್ದೇಶ ಸಾಧುವಾದುದೇ. ಆದರೆ ಕೂಡಿದ್ದುದನ್ನು ಮಾರಲು ಎಲ್ಲರೂ ಒಪ್ಪಬೇಕು, ಬಿಡಿಯಾದುದನ್ನು ಮಾರಲು ಒಬ್ಬನು ಒಪ್ಪಿದರೆ ಸಾಕು.

ಅರಿಶಿಮಾನ ವೃತ್ತಾಂತವನ್ನು ಓದುವಾಗ ಪಾಠಶಾಲೆಯಲ್ಲಿ ಗುರುಗಳು ಬಿಡಿಸಿ ಹೇಳಿದ ಜೈಮಿನಿಯ ಅಧಿಕರಣವೊಂದು ನೆನಪಾಯಿತು. ವಿಶ್ವಜಿತ್ ಎಂಬ ಯಾಗದಲ್ಲಿ ಯಜಮಾನನು ತನ್ನ ಸರ್ವಸ್ವವನ್ನೂ ದಾನ ಮಾಡಬೇಕು. ಹಾಗಾದರೆ ಭೂಮಿಯನ್ನೂ ಕೊಡಬೇಕೆ ಎಂದು ಸಂಶಯ. ಕೊಡಕೂಡದು, ಏಕೆಂದರೆ ಭೂಮಿಯು ಎಲ್ಲರಿಗೂ ಸಮಾನವಾದುದು ಎಂದು ಸಿದ್ಧಾಂತ. ಅವರವರ ಹೊಲಕ್ಕೆ ಅವರವರು ಒಡೆಯರಾಗಬಹುದು, ಇಡಿಯ ಪೃಥ್ವಿಗೆ ಒಡೆಯನೆಂಬುವನಿಲ್ಲವೆಂದು ಭಾಷ್ಯಕಾರನು ವಿವರಿಸುತ್ತಾನೆ. ಹಾಗೆಯೇ ನಮ್ಮ ಕಲ್ಯಾಣದಲ್ಲಿ ಕುಳಿತು ಮಿತಾಕ್ಷರೆಯನ್ನು ಬರೆದ ವಿಜ್ಞಾನೇಶ್ವರನು, ಊರಿನವರು, ಜ್ಞಾತಿಗಳು, ನೆರೆಯವರು, ದಾಯಾದಿಗಳು ಇವರ ಅನುಮತಿಯೊಡನೆ ಹೊನ್ನುನೀರುಗಳ ಧಾರೆಯಿಂದ ಭೂಮಿಯು ಕೈಬದಲಿಸುವುದೆಂಬ ಸ್ಮೃತಿಯನ್ನು ಎತ್ತಿಕೊಂಡು, ಊರಿನ ಅನುಮತಿಯು ವ್ಯವಹಾರವು ಎಲ್ಲರಿಗೂ ಪ್ರಕಟವಾಗಿರಲೆಂದು ಎಂದು ಅರ್ಥ ಮಾಡಿದ್ದಾನೆ. ಮಾರಾಟವನ್ನು ತಡೆಯುವ ಹಕ್ಕು ಊರಿಗಿಲ್ಲ, ತಿಳಿಯುವ ಹಕ್ಕು ಉಂಟು. ಈ ಸೂಕ್ಷ್ಮವನ್ನು ವಾಚಕರು ನೆನಪಿನಲ್ಲಿಡಬೇಕು.

ಈಗ ಬೆಟ್ಟಕ್ಕೆ ಮರಳೋಣ. ನನ್ನ ಪ್ರಶ್ನೆಗೆ ಉತ್ತರವು ಗ್ರಂಥದಲ್ಲಿ ಸಿಕ್ಕುವುದಕ್ಕಿಂತ ಸ್ಪಷ್ಟವಾಗಿ ನಿಸೆಕೊವಿನ ಒಂದು ಹಗ್ಗದಲ್ಲಿ ಸಿಕ್ಕಿತು. ಅಲ್ಲಿಯ ಸ್ಕೀ ಇಳಿಜಾರುಗಳಿಗೆ ಎಲ್ಲೆಯಿದೆ. ಎಲ್ಲೆಯಾಚೆ ಯಾರೂ ತುಳಿಯದ ಹಿಮ. ಬಲ್ಲ ಆಟಗಾರನಿಗೆ ಅದರ ಸೆಳೆತವೇ ಸೆಳೆತ. ಆದರೆ ಅಲ್ಲಿ ಹಿಮರಾಶಿಯು ಒಮ್ಮೆಲೆ ಕುಸಿದು ಮನುಷ್ಯನನ್ನು ಹೂತುಬಿಡುವ ಭಯವುಂಟು. ಮೊದಮೊದಲು ಆಚೆ ಹೋಗುವುದನ್ನು ನಿಷೇಧಿಸಿದರು. ಜನ ಹಗ್ಗದಡಿ ನುಸುಳಿ ಹೋದರು, ಕೆಲವರು ಸತ್ತರು. ಬೆಟ್ಟವನ್ನು ಬಹುಕಾಲದಿಂದ ಬಲ್ಲ ಊರಿನವರು ಆಗ ಯೋಚಿಸಿ, 2001ರಲ್ಲಿ ನಿಸೆಕೊ ನಿಯಮಗಳೆಂಬುವನ್ನು ಗೊತ್ತುಮಾಡಿದರು. ಆಚೆ ಹೋಗುವ ಸ್ವಾತಂತ್ರ್ಯ ಉಂಟು, ಆದರೆ ಗೊತ್ತಾದ ಬಾಗಿಲುಗಳ ಮೂಲಕವೇ ಹೋಗಬೇಕು. ಬಾಗಿಲು ಮುಚ್ಚಿದ್ದರೆ ಯಾರೂ ಹೋಗಕೂಡದು. ಹಗ್ಗದಡಿ ನುಸುಳಕೂಡದು. ಚಿಕ್ಕ ಮಕ್ಕಳು ಒಂಟಿಯಾಗಿ ಹೋಗಕೂಡದು. ಮೀರಿದವನ ಲಿಫ್ಟಿನ ಚೀಟಿಯನ್ನು ಕಿತ್ತುಕೊಳ್ಳಬಹುದು. ಪ್ರತಿದಿನ ಬೆಳಗಾಗುವುದಕ್ಕೆ ಮುಂಚೆ ಗಾಳಿ, ಚಳಿ, ಹಿಮಗಳನ್ನು ಪರೀಕ್ಷಿಸಿ, ಆ ದಿನದ ಅಪಾಯವನ್ನು ಎಲ್ಲರಿಗೂ ಪ್ರಕಟಿಸುತ್ತಾರೆ.

ಇದರಲ್ಲಿ ನನಗೆ ಹಿಡಿಸಿದ ಅಂಶವಾವುದೆಂದರೆ, ಈ ನೇಮವು ಅತಿಥಿಗೂ ಊರಿನವನಿಗೂ ಒಂದೇ. ಇಳಿಜಾರಿನ ಒಡೆಯನು ಹಾಂಗ್‌ಕಾಂಗಿನವನಾಗಲಿ ಮಲೇಷಿಯಾದವನಾಗಲಿ, ಬೆಟ್ಟದ ಮೇಲೆ ನಿಂತವನು ಕೋಟ್ಯಧಿಪತಿಯಾಗಲಿ ಪಾತ್ರೆ ತೊಳೆಯುವ ಹುಡುಗನಾಗಲಿ, ಬಾಗಿಲು ಮುಚ್ಚಿದ ದಿನ ಎಲ್ಲರೂ ಈಚೆಯೇ. ಎಷ್ಟು ಹಣ ಕೊಟ್ಟರೂ ಆ ಬಾಗಿಲು ತೆರೆಯದು. ಅಲ್ಲಿಯ ಭೂಮಿ ಕೈಬದಲಿಸಿತು, ಹೋಟೆಲುಗಳು ಕೈಬದಲಿಸಿದುವು, ಈ ನೇಮ ಕೈಬದಲಿಸಲಿಲ್ಲ. ಅದು ಬೆಟ್ಟವನ್ನು ಬಲ್ಲವರ ಕೈಯಲ್ಲಿಯೇ ಉಳಿಯಿತು. ಆತಿಥೇಯನೆಂದರೆ ಯಾರೆಂಬುದು ಇಲ್ಲಿ ನನಗೆ ಹೊಳೆಯಿತು. ಮನೆಯ ಪತ್ರ ಯಾರ ಪೆಟ್ಟಿಗೆಯಲ್ಲಿದೆಯೋ ಅವನಲ್ಲ, ಮನೆಯ ನೇಮವನ್ನು ಯಾರು ಹೇಳಬಲ್ಲರೋ, ಹೇಳಿ ತಾವೂ ಅದರಂತೆ ನಡೆಯುವರೋ ಅವರೇ ಆತಿಥೇಯರು. ಆ ನೇಮಕ್ಕೆ ತಲೆಬಾಗುವವನು ನೂರು ವರ್ಷ ಅಲ್ಲಿದ್ದರೂ ಯೋಗ್ಯನಾದ ಅತಿಥಿ. ತಲೆಬಾಗದವನು ಒಂದೇ ರಾತ್ರಿಯಿದ್ದರೂ ಮನೆಮುರುಕ.

ಬೆಟ್ಟದ ಮೇಲೆ ಸಾಧಿಸಿದುದನ್ನು ಕೆಳಗಿನ ಊರಿನಲ್ಲಿ ಸಾಧಿಸುವುದೇ ಉಳಿದಿರುವ ಕೆಲಸ, ಅದು ಹೆಚ್ಚು ಕಷ್ಟದ್ದು. ಯತ್ನ ನಡೆದಿಲ್ಲವೆನ್ನಲಾಗದು. ನಿಸೆಕೊ ಪಟ್ಟಣವು ಅದೇ 2001ರಲ್ಲಿ ಊರಾಳಿಕೆಯ ಮೂಲಶಾಸನವೊಂದನ್ನು ಜಾರಿಗೆ ತಂದಿತು. ಜಪಾನಿನಲ್ಲಿ ಅಂಥವುಗಳಿಗೆಲ್ಲ ಅದೇ ಮೊದಲನೆಯದು. ಊರಿನ ಆಡಳಿತಕ್ಕೆ ತಿಳಿದುದೆಲ್ಲ ಊರಿನವರಿಗೂ ತಿಳಿದಿರಬೇಕು, ಅವರು ಆಲೋಚನೆಯಲ್ಲಿ ಸೇರಬೇಕು ಎಂಬುದು ಅದರ ತಿರುಳು. ವಿಜ್ಞಾನೇಶ್ವರನು ಹೇಳಿದ ತಿಳಿಯುವ ಹಕ್ಕೇ ಇದಲ್ಲವೆ? 2011ರಲ್ಲಿ ಅದೇ ಪಟ್ಟಣವು ನೀರಿನ ಮೂಲಗಳನ್ನೂ ಅಂತರ್ಜಲವನ್ನೂ ಕಾಪಾಡಲು ಕಟ್ಟುಗಳನ್ನು ಮಾಡಿತು. ನೆಲ ಒಬ್ಬನದಾದರೂ ಅದರಡಿಯ ನೀರು ಎಲ್ಲರದು ಎಂಬ ಭಾವ ಅದರಲ್ಲಿದೆ. ಕುಚ್ಚಾನ್ ಪಟ್ಟಣವು 2019ರ ನವೆಂಬರಿನಿಂದ ತಂಗುವವರು ಕೊಡುವ ಬಾಡಿಗೆಯ ಮೇಲೆ ನೂರಕ್ಕೆ ಎರಡರಂತೆ ತೆರಿಗೆ ಹಾಕಿತು. ತಲೆಗಿಷ್ಟೆಂದಲ್ಲದೆ ಬಾಡಿಗೆಯ ಅಳತೆಗೆ ತಕ್ಕಂತೆ ಹಾಕಿದ್ದು ಆ ದೇಶದಲ್ಲಿ ಅದೇ ಮೊದಲು. ನಿಸೆಕೊವೂ 2024ರಲ್ಲಿ ತಂಗುವವರ ಮೇಲೆ ತೆರಿಗೆ ವಿಧಿಸಿತು. ಇಂಥ ಹಣದಲ್ಲಿ ಒಂದು ಪಾಲು ವೃದ್ಧರ ಶುಶ್ರೂಷೆ ಮಾಡುವ ಕೈಗಳಿಗೆ ಮುಟ್ಟಿದರೆ, ಕರ್ತೃವಿಲ್ಲದ ಆ ಹಾನಿಗೆ ಕರ್ತೃವುಳ್ಳ ಪರಿಹಾರ ದೊರೆತಂತಾಗುವುದು. ಎಲ್ಲರ ಕರ್ಮಗಳೂ ಕೂಡಿ ಆದ ದೋಷವನ್ನು ಎಲ್ಲರೂ ಕೂಡಿ ಮಾಡಿದ ನೇಮದಿಂದಲೇ ತೊಳೆಯಬೇಕು, ಬೇರೆ ಪ್ರಾಯಶ್ಚಿತ್ತವಿಲ್ಲ.

ಇಷ್ಟರಿಂದ ಎಲ್ಲವೂ ಸರಿಹೋಯಿತೆಂದು ನಾನು ಹೇಳಲಾರೆ. 2020ರಲ್ಲಿ ಸಾಂಕ್ರಾಮಿಕ ಜ್ವರವು ಹರಡಿ, ಜಪಾನ್ ದೇಶವು 2022ರ ಅಕ್ಟೋಬರಿನವರೆಗೆ ಪ್ರವಾಸಿಗಳಿಗೆ ಹೆಚ್ಚುಕಡಮೆ ಬಾಗಿಲು ಮುಚ್ಚಿದಾಗ, ಹಿಮವು ಎಂದಿನಂತೆಯೇ ಬಿದ್ದಿತು. ಹೊಸ ಹೋಟೆಲುಗಳ ಕಿಟಕಿಗಳಲ್ಲಿ ದೀಪಗಳು ಕಡಮೆಯಾಗಿದ್ದುವು. ಅತಿಥಿಯನ್ನು ನೆಚ್ಚಿ ಬದುಕುವ ಊರಿಗೆ ಅತಿಥಿಯ ಅತಿಯೂ ಕಷ್ಟ, ಅಭಾವವೂ ಕಷ್ಟವೆಂಬುದು ಆ ಚಳಿಗಾಲಗಳಲ್ಲಿ ಗೊತ್ತಾಯಿತು. ಬಾಗಿಲು ತೆರೆದೊಡನೆ ಅವರು ಮತ್ತೆ ಬಂದರು, ಬೆಲೆಯೂ ಮತ್ತೆ ಏರಿತು. ವೇಗದ ರೈಲುಮಾರ್ಗವೂ ಕುಚ್ಚಾನಿನ ಮೂಲಕ ಬರಲಿದೆ. 2030ರ ಹೊತ್ತಿಗೆ ಮುಗಿಯಬೇಕೆಂದಿದ್ದುದು ಮುಂದಕ್ಕೆ ಹೋಗಿದೆಯಾದರೂ ಕೆಲಸ ನಡೆಯುತ್ತಿದೆ. ಆದುದರಿಂದ ಈ ಪ್ರಶ್ನೆ ಬೇಗನೆ ಹಳತಾಗುವಂಥದಲ್ಲ.

ನಿರ್ಣಯವನ್ನು ಎರಡು ಮಾತಿನಲ್ಲಿ ನಿವೇದಿಸುತ್ತೇನೆ. ಅತಿಥಿಯು ಒಡೆಯನಾಗುವುದು ತನ್ನಷ್ಟಕ್ಕೆ ಅಧರ್ಮವಲ್ಲ. ಹಾಗೆಂದರೆ ವಲಸೆ ಬಂದು ಊರು ಕಟ್ಟಿದವರೆಲ್ಲ ಅಧರ್ಮಿಗಳಾಗಬೇಕಾದೀತು, ಭೂಮಿಯ ಮೇಲೆ ನಿರ್ದೋಷಿಯಾದ ಒಡೆಯನೇ ಸಿಕ್ಕಲಾರನು. ಒಡೆಯನಾದ ಮೇಲೂ ತಾನು ಬಂದವನೆಂಬುದನ್ನು ಮರೆಯುವುದು, ಇರುವವರ ನೇಮವನ್ನು ಕೇಳದೆ ನಡೆಯುವುದು ಅಧರ್ಮ. ಐನು ಜನರ ವಿಷಯದಲ್ಲಿ ನಡೆದುದು ಇದೇ. ಅವರ ನೆಲವನ್ನು ತೆಗೆದುಕೊಂಡುದಲ್ಲದೆ ಅವರ ನೇಮವನ್ನು ಕೇಳುವ ಕಿವಿಯೂ ಇಲ್ಲದೆ ಹೋಯಿತು. ಅವರಿಟ್ಟ ಹೆಸರುಗಳು ಮಾತ್ರ ಹೊಳೆಬೆಟ್ಟಗಳ ಮೇಲೆ ಉಳಿದುವು. ಇಂದು ಆ ಊರಿನಲ್ಲಿರುವವರು ತಮಗೂ ಅದೇ ಆಗದಿರಲೆಂದು ಬಯಸುವುದಾದರೆ, ಹೆಸರಷ್ಟೇ ಉಳಿದವರ ಮಾತನ್ನೂ ಈಗಲಾದರೂ ಕೇಳಿಕೊಳ್ಳುವುದು ನ್ಯಾಯ.

ಹಿಮವು ಯಾರ ಸ್ವತ್ತೂ ಅಲ್ಲ. ವಸಂತದಲ್ಲಿ ಅದು ಕರಗಿ ಯೋತೆಯಿಯ ಬಂಡೆಗಳೊಳಗೆ ಇಳಿದು, ಬಹುಕಾಲದ ಮೇಲೆ ಬುಡದ ಬುಗ್ಗೆಗಳಲ್ಲಿ ಚಿಮ್ಮುತ್ತದೆ. ಆ ನೀರನ್ನು ಊರಿನವರೂ ಬಂದವರೂ ಬೊಗಸೆಯೊಡ್ಡಿ ಕುಡಿಯುತ್ತಾರೆ. ಬಂದು, ಕೆಲವು ಕಾಲ ನಿಂತು, ಇದ್ದ ನೆಲಕ್ಕೆ ನೀರಾಗಿ, ಹೊತ್ತು ಬಂದಾಗ ಹೋಗುವ ಆ ಹಿಮವೇ ಆ ಊರಿನ ಅತ್ಯುತ್ತಮನಾದ ಅತಿಥಿಯೆಂದು ನನಗೆ ತೋರುತ್ತದೆ.